ಮಿಲ್ಟ್ರಿ ಬಾಳುವಿನ ಜಾಳಿಗೆ ಕೈಗವಸು

ಬೈಲಹೊಂಗಲದ ಬಜಾರಿನಲ್ಲಿ ದಾರ, ಗುಂಡಿ, ಲೇಸು, ಉಲನ್ ಮಾರುವ ನನ್ನ ಅಂಗಡಿಗೆ ಗಂಡಸರು ಬರುವುದೇ ಕಡಿಮೆ. ಬಂದವರೂ ಮನೆಯಾಕೆ ಕೊಟ್ಟ ಚೂರು ಬಟ್ಟೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಬರುತ್ತಾರೆ. ಅದನ್ನು ಗಲ್ಲೆಯ ಮೇಲಿಟ್ಟು "ಈ ಬಣ್ಣದ ದಾರ ಕೊಡ್ರಿ" ಎಂದು ಹೇಳಿ, ಪರಿಚಯದವರು ಯಾರಾದರೂ ನೋಡಿಬಿಟ್ಟಾರೇನೋ ಎಂಬಂತೆ ರಸ್ತೆಯ ಕಡೆ ಮುಖ ಮಾಡಿ ನಿಲ್ಲುತ್ತಾರೆ. ನಾನು ಗಿಳಿಹಸಿರು ಕೊಟ್ಟರೂ ಸರಿ, ಬೇವಿನಹಸಿರು ಕೊಟ್ಟರೂ ಸರಿ. ಒಯ್ದು, ಬೈಸಿಕೊಂಡು, ಮತ್ತೆ ಬರುತ್ತಾರೆ. ಇಂಥ ಗಿರಾಕಿಯನ್ನು ನಾನು ಎಂದೂ ತಿದ್ದಲು ಹೋಗಿಲ್ಲ.

ಬಾಳು ಮೊದಲ ಸಲ ಬಂದದ್ದು ಹಾಗಲ್ಲ. ಎತ್ತರದ ಆಳು, ಹುರಿ ಮಾಡಿದ ಮೀಸೆ, ಇಸ್ತ್ರಿಯ ಗೆರೆ ಕೆಡದ ಅಂಗಿ. ನೇರವಾಗಿ ಉಲನ್ ಇಟ್ಟ ಕಪಾಟಿನ ಮುಂದೆ ನಿಂತ. ಒಂದು ಲಡಿ ತೆಗೆದು ಕೆನ್ನೆಗೆ ತಿಕ್ಕಿಕೊಂಡ.

"ಇದು ಉಣ್ಣೀದ ಏನ್ರಿ, ಸಾವಕಾರ್ರ?"

"ಪೂರಾ ಉಣ್ಣಿ," ಎಂದೆ.

ಅವನು ಒಂದೆಳೆ ಹರಿದುಕೊಂಡು ಮೆಟ್ಟಿಲಿಳಿದ. ಬೀಡಿ ಹಚ್ಚುವವನ ಹಾಗೆ ಕಡ್ಡಿ ಗೀರಿ ಆ ಎಳೆಗೆ ಹಿಡಿದ. ಅದು ಕರಗಿ ತುದಿಯಲ್ಲಿ ಕರಿಮಣಿಯಾಯಿತು. ಮೂಗಿಗೆ ಹಿಡಿದು ನೋಡಿ ಒಳಗೆ ಬಂದ.

"ಉಣ್ಣಿ ಸುಟ್ರ ಕೂದಲಾ ಸುಟ್ಟ ವಾಸನಿ ಬರ್ತೈತ್ರಿ. ಇದು ಬಕೀಟ ಸುಟ್ಟಂಗ ನಾರಾಕತ್ತೈತಿ."

"ಹೊಂಗಲದ ಚಳಿಗಿ ಇಷ್ಟ ಉಣ್ಣಿ ಸಾಕ್ರಿ," ಎಂದೆ.

ಅವನು ನಕ್ಕು ಅದನ್ನೇ ಕೊಂಡ. ಅಂದಿನಿಂದ ಅವನು ನನ್ನ ಮಾತನ್ನು ನಂಬುವುದಿಲ್ಲ, ನಾನು ಅವನಿಗೆ ಸುಳ್ಳು ಹೇಳುವುದಿಲ್ಲ. ಸ್ನೇಹಕ್ಕೆ ಇಷ್ಟು ಬಂಡವಾಳ ಸಾಕಾಯಿತು.

ಊರಲ್ಲಿ ಅವನನ್ನು ಕರೆಯುವುದೇ ಮಿಲ್ಟ್ರಿ ಬಾಳು ಎಂದು. ಮುರಗೋಡ ರಸ್ತೆಯ ಕಡೆ ಮನೆ. ಮೀಸೆ ಚಿಗುರುವ ಹೊತ್ತಿಗೆ ಬೆಳಗಾವಿಯಲ್ಲಿ ಭರ್ತಿಯಾಗಿ, ಹಿಮ ಬೀಳುವ ಗಡಿಗಳಲ್ಲಿ ಕಾವಲು ಕಾದು, ಹವಾಲ್ದಾರನಾಗಿ ನಿವೃತ್ತನಾದವನು. ಈಗ ನನ್ನ ಅಂಗಡಿಯ ಎದುರಿನ ಬ್ಯಾಂಕಿನ ಬಾಗಿಲಲ್ಲಿ ಜೋಡುನಳಿಗೆಯ ಬಂದೂಕು ಹಿಡಿದು ಕೂರುತ್ತಾನೆ. ಮೊದಮೊದಲು ಬಂದೂಕನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅದರ ಮೇಲೆಯೇ ಕೈಯಾಡಿಸುತ್ತ ಉಲನ್ ಹೆಣೆಯುತ್ತಿದ್ದ. ಜನ ಬಂದೂಕಿಗೆ ಅಂಜುತ್ತಿರಲಿಲ್ಲ, ಆ ಎರಡು ಹೆಣಿಗೆ ಕಡ್ಡಿಗಳಿಗೆ ಅಂಜಿ ಬದಿಯಿಂದ ದಾಟುತ್ತಿದ್ದರು. ಕಡೆಗೆ ಮ್ಯಾನೇಜರರು ಹೊರಗೆ ಬಂದು ಹೇಳಿದರು:

"ಹವಾಲ್ದಾರ್ರ, ಒಂದಾ ಬಂದೂಕ ಹಿಡೀರಿ, ಇಲ್ಲಾ ಕಡ್ಡಿ ಹಿಡೀರಿ. ಎರಡೂ ಹಿಡಕೊಂಡ ಕುಂತ್ರ ಮಂದಿ ಇದನ್ನ ಬ್ಯಾಂಕ ಅನ್ನಬೇಕೋ, ಹೊಲಿಗಿ ಕ್ಲಾಸ ಅನ್ನಬೇಕೋ?"

ಅಂದಿನಿಂದ ಡ್ಯೂಟಿ ಮುಗಿಸಿಕೊಂಡು ನನ್ನ ಅಂಗಡಿಯ ಕಟ್ಟೆಗೆ ಬಂದು ಕೂತು ಹೆಣೆಯತೊಡಗಿದ. ನಾನು ಬೇಡವೆನ್ನಲಿಲ್ಲ. ಅಷ್ಟು ದೊಡ್ಡ ಮೀಸೆಯ ಗಂಡಸು ಕಡ್ಡಿ ಆಡಿಸುವುದನ್ನು ನೋಡಲು ಹೆಂಗಸರು ನಿಲ್ಲುತ್ತಿದ್ದರು. ನಿಂತವರು ಬರಿಗೈಲಿ ಹೋಗುವುದು ಹೇಗೆಂದು ಒಂದು ಪಿನ್ನಿನ ಪಾಕೀಟನ್ನಾದರೂ ಕೊಳ್ಳುತ್ತಿದ್ದರು. ಬೋರ್ಡು ಬರೆಸುವುದಕ್ಕಿಂತ ಬಾಳುವಿಗೆ ಚಹ ಕುಡಿಸುವುದು ನನಗೆ ಅಗ್ಗವಾಗಿತ್ತು.

ಅವನಿಗೆ ಬರುತ್ತಿದ್ದುದು ಒಂದೇ ಒಂದು ವಿದ್ಯೆ. ಗಡಿಯಲ್ಲಿದ್ದಾಗ ಹಿಮಕ್ಕೆ ಕಾಲ ಹೆಬ್ಬೆರಳು ಕಪ್ಪಾಗಿ ಸೈನ್ಯದ ಆಸ್ಪತ್ರೆ ಸೇರಿದ್ದನಂತೆ. ಪಕ್ಕದ ಮಂಚದಲ್ಲಿ ಬೆಟ್ಟದ ನಾಡಿನ ಒಬ್ಬ ಗಢವಾಲಿ ಸಿಪಾಯಿ. ಅವರ ಕಡೆ ಗಂಡಸರೂ ಹೆಣೆಯುತ್ತಾರೆ. ಅವನು ಕಲಿಸಿದ್ದು ಅರ್ಧ ಬೆರಳಿನ ಕೈಗವಸು. ಬಂದೂಕಿನ ಕುದುರೆ ಎಳೆಯಲು ಬೆರಳ ತುದಿ ಬರಿದಾಗಿರಬೇಕು, ಅಂಗೈ ಮಾತ್ರ ಬೆಚ್ಚಗಿರಬೇಕು. ಬಾಳು ಅದನ್ನು ಕಲಿತ, ಅಲ್ಲಿಗೇ ನಿಂತ. ಸ್ವೆಟರ್ ಬಾರದು, ಟೊಪ್ಪಿಗೆ ಬಾರದು.

ಆ ಕೈಗವಸುಗಳನ್ನು ಅವನು ಗಡಿಯಿಂದ ವರ್ಷವರ್ಷವೂ ಚಳಿಗಾಲಕ್ಕೆ ಮಗಳು ಪ್ರಜ್ಞಾಳಿಗೆ ಪಾರ್ಸೆಲ್ ಮಾಡುತ್ತಿದ್ದ. ಹಿಮದಲ್ಲಿ ಕೂತವನಿಗೆ ಲೋಕವೆಲ್ಲ ಚಳಿಯಲ್ಲಿದೆ ಎನ್ನಿಸುತ್ತದೆ. ನಮ್ಮ ಹೊಂಗಲದಲ್ಲಿ ಚಳಿ ಎಂದರೆ ಹಾಲಿನವನು ಕಿವಿಗೆ ಟಾವೆಲ್ಲು ಸುತ್ತಿಕೊಳ್ಳುವಷ್ಟು ಮಾತ್ರ. ಅದರ ಮೇಲೆ, ಅವನು ರಜೆಗೆ ಬಂದಾಗ ನೋಡಿದ ಕೈಗೆ ಹೆಣೆಯುತ್ತಿದ್ದ. ಪಾರ್ಸೆಲ್ ಬರುವಷ್ಟರಲ್ಲಿ ಆ ಕೈ ಬೆಳೆದಿರುತ್ತಿತ್ತು. ಈ ಕಥೆಯನ್ನು ಅವನ ಹೆಂಡತಿ ಸಾವಂತ್ರೆವ್ವ ಒಮ್ಮೆ ಅವನ ಎದುರಿಗೇ ನನಗೆ ಹೇಳಿದಳು.

"ಅಣ್ಣಾರ, ಒಂದ ಜೋಡಿ ಚಾದ ಪಾತೇಲಿ ಇಳಸಾಕ ಇಟಗೊಂಡಿದ್ದೆ. ಒಂದ ಜೋಡಿ ಗಿಳಿ ಪಂಜರಕ್ಕ ಹೊಚ್ಚಿದ್ದೆ. ಉಳದಾವು ಟ್ರಂಕಿನಾಗ ಅದಾವು."

"ಹುಡುಗಿ ಒಮ್ಮೆರ ಹಾಕ್ಕೊಂಡಿದ್ಲೇನವಾ?"

"ಎಲ್ಲೀದ್ರಿ. ಹೊಂಗಲದಾಗ ಗ್ಲೌಜ್ ಹಾಕ್ಕೊಂಡ ಸಾಲಿಗಿ ಹೋದ್ರ ಹುಡುಗೂರು ಬಿಟ್ಟಾರ? ಮುಂದ ಯಾವಾಗರ ಹಾಕ್ಕೋತೇನಿ ಅಂತಿದ್ಲು, ಇಡತಿದ್ಲು."

ಬಾಳು ತಲೆಯೆತ್ತಲಿಲ್ಲ. ಕಡ್ಡಿಯ ಮೇಲಿನ ಕುಣಿಕೆಗಳನ್ನು ಎಣಿಸುವಂತೆ ಮಾಡಿದ. ಆಗಲೇ ಎಣಿಸಿದ್ದನ್ನು ಮತ್ತೆ ಎಣಿಸುತ್ತಿದ್ದ.

ಪ್ರಜ್ಞಾ ಈಗ ನವಿಲುತೀರ್ಥದ ನೀರಾವರಿ ಕಚೇರಿಯಲ್ಲಿ ನೌಕರಿ ಮಾಡುತ್ತಾಳೆ. ಮುನವಳ್ಳಿಯಲ್ಲಿ ಖೋಲಿ ಮಾಡಿಕೊಂಡಿದ್ದಳು. ಕಾಲುವೆಗುಂಟ ಸ್ಕೂಟಿಯ ಮೇಲೆ ಹೋಗಿ, ಅಲ್ಲಲ್ಲಿ ನಿಂತು ನೀರಿನ ಮಟ್ಟ ನೋಡಿ, ಫೋನಿನಲ್ಲಿ ಫೋಟೋ ಹೊಡೆದು ಕಚೇರಿಗೆ ಕಳಿಸುವುದು ಅವಳ ಕೆಲಸ. ಸಿಕ್ಕಿದ ಬಿಸಿಲೆಲ್ಲ ಕೈಗೇ. ಅಂಗಿಯ ತೋಳು ಮುಗಿಯುವಲ್ಲಿಂದ ಮುಂದಕ್ಕೆ ಕೈ ಬೇರೆ ಯಾರದೋ ಎನ್ನುವಂತೆ ಕಾಣುತ್ತಿತ್ತು. ಸವದತ್ತಿಯಲ್ಲಿ ವೈರು, ಬಲ್ಬು, ಫ್ಯಾನು ಮಾರುವ ಆಕಾಶ ಎಂಬ ಹುಡುಗನ ಜೊತೆ ಲಗ್ನ ಗೊತ್ತಾಯಿತು. ಹುಡುಗ ವ್ಯಾಪಾರಸ್ಥ ಎಂದು ಕೇಳಿ ನನಗೆ ತುಸು ಅನುಮಾನ ಬಂದಿತ್ತು, ಆಮೇಲೆ ನೋಡಿದರೆ ಒಳ್ಳೆಯವನೇ.

ಗೊತ್ತಾದ ಮುಂದಿನ ರವಿವಾರ ಅವಳು ಅಪ್ಪನನ್ನು ಕರೆದುಕೊಂಡು ಅಂಗಡಿಗೆ ಬಂದು ಫೋನ್ ತೆರೆದು ಒಂದು ಚಿತ್ರ ತೋರಿಸಿದಳು. ಬಿಳಿ ದಾರದ, ಜಾಳುಜಾಳಾದ, ಅರ್ಧ ಬೆರಳಿನ ಕೈಗವಸು.

"ಪಪ್ಪಾ, ನನಗ ಇಂಥಾವು ಬೇಕು. ಲಗ್ನದ ದಿನಾ ಬಿಳಿ ಸೀರಿ ಮ್ಯಾಲ ಹಾಕ್ಕೋತೇನಿ. ಆಮ್ಯಾಲ ದಿನಾ ಗಾಡಿ ಮ್ಯಾಲ. ಬಿಸಲಿಗಿ ಮರೆ ಆಗತೈತಿ, ಬೆವರ ಬರಾಂಗಿಲ್ಲ, ಫೋನ್ ಒತ್ತಾಕ ಬೆರಳೂ ಬಿಚ್ಚ ಇರತಾವು."

ಬಾಳು ಫೋನನ್ನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ.

"ಇದರಾಗ ಬರೇ ತೂತ ಅದಾವಲ್ಲವಾ."

"ತೂತ ಇದ್ರನ ಲೇಸ್ ಅಂತಾರ, ಪಪ್ಪಾ."

"ನಾ ಇಷ್ಟ ವರ್ಷ ಗಾಳಿ ಒಳಗ ಬರಬಾರದಂತ ಹೆಣದಾಂವ. ನೀ ಗಾಳಿಗಿ ಬಾಗಲಾ ಇಡ್ರಿ ಅಂತಿ."

ನಾನು ನಡುವೆ ಬಾಯಿ ಹಾಕಿದೆ. "ಹುಬ್ಬಳ್ಳಿಯಿಂದ ರೆಡಿಮೇಡ್ ತರಸಿ ಕೊಡ್ತೇನಿ, ತಗೋರಿ. ಅಪ್ಪ ಮಗಳು ಯಾಕ ತಲಿ ಕೆಡಸ್ಕೋತೀರಿ?"

ಇಬ್ಬರೂ ಒಂದೇ ಮುಖ ಮಾಡಿ ನನ್ನನ್ನು ನೋಡಿದರು. ಅಂಗಡಿಯಲ್ಲಿ ಕೂತು ಇಷ್ಟು ವರ್ಷಗಳಲ್ಲಿ ಅಷ್ಟು ಬೇಗ ನಾನು ಮಾತು ಹಿಂದಕ್ಕೆ ತೆಗೆದುಕೊಂಡದ್ದಿಲ್ಲ.

ಬಾಳು ಗಲ್ಲೆಯ ಮೇಲೆ ವರ್ತಮಾನ ಪತ್ರಿಕೆ ಹಾಸಿದ. ಅವಳ ಗಡಿಯಾರ ಬಿಚ್ಚಿಸಿ, ಕೈಯನ್ನು ಅಂಗೈ ಮೇಲಾಗಿ ಇಡಿಸಿ, ನನ್ನ ಬಳಪದಿಂದ ಬೆರಳುಗಳ ಸುತ್ತ ಗೆರೆ ಎಳೆದ. ಮಣಿಕಟ್ಟಿಗೆ, ಅದರ ಮೇಲಕ್ಕೆ, ಮೊಣಕೈ ಹತ್ತಿರದವರೆಗೂ ದಾರ ಸುತ್ತಿ ಅಳತೆ ತೆಗೆದ. ಅವಳು ಹೋದ ಮೇಲೆ ಆ ಪತ್ರಿಕೆಯನ್ನು ಮಡಚಿ ಜೇಬಿಗೆ ಇಟ್ಟುಕೊಂಡು ಹೇಳಿದ:

"ಸಾವಕಾರ್ರ, ಇಷ್ಟ ದಿನಾ ನಾನ ಮಾಡೇನಿ, ನಾನ ಕಳಿಸೇನಿ. ಬೇಕು ಅಂತ ಆಕಿ ಬಾಯಿಂದ ಕೇಳಿದ್ದು ಇದ ಮೊದಲ. ಇವನ್ನಾರ ಆಕಿ ಹಾಕ್ಕೋಬೇಕ್ರಿ."

ನಾನು ಸಣ್ಣೆಳೆಯ ಹೊಳಪಿನ ಹತ್ತಿ ದಾರ ತೆಗೆದು ಮುಂದಿಟ್ಟೆ. ಈ ಸಲ ಬಾಳು ಸುಟ್ಟು ನೋಡಲಿಲ್ಲ. ನಾನೂ ಅಂದು ಒಳ್ಳೆಯ ಮಾಲನ್ನೇ ಕೊಟ್ಟಿದ್ದೆ.

ಅಷ್ಟು ಸಣ್ಣ ದಾರಕ್ಕೆ ಅವನ ಕಡ್ಡಿಗಳು ದಪ್ಪವಾದವು. ಸೈಕಲ್ ಗಾಲಿಯ ಕಡ್ಡಿಗಳನ್ನು ಕಲ್ಲಿಗೆ ತಿಕ್ಕಿ ಮೊನೆ ಮಾಡಿಕೊಂಡು ಬಂದ. ಜಾಳಿಗೆಯ ಗುಟ್ಟು ಅವನೇ ನನಗೆ ಹೇಳಿದ್ದು: ದಾರವನ್ನು ಕಡ್ಡಿಗೆ ಸುಮ್ಮನೆ ಒಂದು ಸುತ್ತು ಸುತ್ತಿ ಮುಂದೆ ಹೋದರೆ ಅಲ್ಲೊಂದು ತೂತು ಬೀಳುತ್ತದೆ. ಆಮೇಲೆ ಬೇರೆಡೆ ಎರಡು ಕುಣಿಕೆಗಳನ್ನು ಸೇರಿಸಿ ಒಂದು ಮಾಡಬೇಕು. ಇಲ್ಲದಿದ್ದರೆ ಕೈಗವಸು ಅಗಲವಾಗುತ್ತ ಹೋಗಿ ಗೋಣಿಚೀಲವಾದೀತು. ಗೊತ್ತಾಗುವುದು ಸುಲಭ, ಕೈ ಒಪ್ಪಬೇಕಲ್ಲ. ಅವನ ಕೈ ದಾರವನ್ನು ಬಿಗಿದು ಬಿಗಿದು ಎಳೆಯುತ್ತಿತ್ತು. ಮೊದಲ ಪ್ರಯತ್ನವನ್ನು ನಾನು ಬೆಳಕಿಗೆ ಹಿಡಿದು ನೋಡಿದೆ.

"ಬಾಳಣ್ಣ, ಇದರಾಗ ಸಣ್ಣ ರವಾ ಸಾಣಿಸಬೌದು."

ಅವನು ಬಿಚ್ಚಿದ. ಎರಡನೆಯದು ಬಂತು.

"ಇದರಾಗ ದಪ್ಪ ರವಾ."

ಮತ್ತೆ ಬಿಚ್ಚಿದ. ಫೋನಿನಲ್ಲಿ ಯಾವುದೋ ದೂರದೇಶದ ಮುದುಕಿಯೊಬ್ಬಳು ಹೆಣೆಯುವುದನ್ನು ತೋರಿಸುವ ವಿಡಿಯೋ ಹುಡುಕಿಕೊಂಡ. ಅದನ್ನು ನನ್ನ ಗಲ್ಲೆಗೆ ಒರಗಿಸಿಟ್ಟು ಅವಳ ಕೈಯನ್ನೇ ನೋಡುತ್ತ ಕೂರುತ್ತಿದ್ದ.

"ಆಕಿ ಏನ್ ಹೇಳಾಕತ್ತಾಳ ತಿಳೀತೈತೇನು?" ಎಂದೆ.

"ಒಂದ ಅಕ್ಷರಾ ತಿಳಿಯಾಂಗಿಲ್ಲ. ಆದ್ರ ನಿಮ್ಮಂಗ ನಗಾಂಗಿಲ್ಲ ನೋಡ್ರಿ, ಅದ ಚಲೋ."

ನಿಧಾನಕ್ಕೆ ಅವನ ಕೈ ಸಡಿಲವಾಯಿತು. ಮೊಣಕೈ ಕಡೆಯಿಂದ ಶುರು ಮಾಡಿ, ಅಲ್ಲಿ ಅಗಲವಾಗಿ ನವಿಲುಗರಿಗಳ ಸಾಲು ಇಳಿಸಿದ. ಮಗಳ ನೌಕರಿ ನವಿಲುತೀರ್ಥದಲ್ಲಿ ಎಂದ ಮೇಲೆ ನವಿಲುಗರಿ ಇರಲೇಬೇಕೆಂಬುದು ಅವನ ಹಟ. ಒಂದು ಗರಿ ಇನ್ನೊಂದರ ಒಳಗಿಂದ ಹೊರಟು, ಮಣಿಕಟ್ಟಿನ ಹತ್ತಿರ ಎಲ್ಲವೂ ಕಿರಿದಾಗಿ ಕೂಡಿಕೊಳ್ಳುತ್ತಿದ್ದವು. ಅಂಗೈಯ ಹಿಂಬದಿಗೆ ಬಂದಾಗ ಸಣ್ಣ ಸಣ್ಣ ಹೂವುಗಳು. ನಿಜ ಹೇಳುತ್ತೇನೆ, ಹೂವುಗಳು ಸಾಧಾರಣ. ಗರಿಗಳನ್ನು ನೋಡಿ ಮಾತ್ರ ನನಗೆ ತಮಾಷೆ ಮಾಡಲು ಏನೂ ಸಿಗಲಿಲ್ಲ. ಮನೆಯಲ್ಲಿ ಯಾರಿಗೂ ತೋರಿಸಬಾರದೆಂದು ಅಂಗಡಿಯಲ್ಲೇ ಬಿಟ್ಟು ಹೋಗುತ್ತಿದ್ದ. ನೋಡಿದ್ದು ನಾವಿಬ್ಬರು ಗಂಡಸರು ಮಾತ್ರ. ಆಮೇಲೆ ಆದದ್ದಕ್ಕೆಲ್ಲ ಅದೇ ಕಾರಣ.

ಲಗ್ನದ ಹಿಂದಿನ ದಿನ ಮಧ್ಯಾಹ್ನ ನನ್ನನ್ನೂ ಮನೆಗೆ ಕರೆದುಕೊಂಡು ಹೋದ. ಅಂಗಿಯ ಡಬ್ಬಿಯಲ್ಲಿ ಕೈಗವಸುಗಳನ್ನು ಮಡಿಕೆ ಬೀಳದಂತೆ ಮಲಗಿಸಿ, ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಬೆಳಗಿನಿಂದ ಅವನನ್ನು ಗ್ಯಾಸ್ ಸಿಲಿಂಡರ್ ತರಲು, ಖುರ್ಚಿ ಎಣಿಸಲು, ಪೆಂಡಾಲಿನವನ ಜೊತೆ ಜಗಳಾಡಲು ಹೊರಗೇ ಅಟ್ಟಿದ್ದರು. ನಮ್ಮ ಕಡೆ ಲಗ್ನದ ಮನೆಯಲ್ಲಿ ಗಂಡಸರನ್ನು ಹೀಗೆ ಅಟ್ಟುವ ಹೊತ್ತು ಒಂದಿರುತ್ತದೆ. ಬಳೆಗಾರ ಬಂದು ಹೆಂಗಸರಿಗೆಲ್ಲ ಬಳೆ ಇಡಿಸುವ ಹೊತ್ತು. ಮನೆಯಲ್ಲೇ ಇದ್ದ ಗಂಡಸಿಗೆ ಅದು ಅಷ್ಟಕ್ಕಷ್ಟೇ ಗೊತ್ತು. ಇಡೀ ಪ್ರಾಯವನ್ನು ಗಡಿಯಲ್ಲಿ ಕಳೆದವನಿಗೆ ಎಲ್ಲಿಂದ ಗೊತ್ತಿರಬೇಕು?

ಒಳಗೆ ಹೋದೆವು. ಪ್ರಜ್ಞಾ ಚಾಪೆಯ ಮೇಲೆ ಕೂತಿದ್ದಳು. ಅಂಗೈಗೆ ಮೆಹಂದಿ, ಮಣಿಕಟ್ಟಿನಿಂದ ಹಿಡಿದು ಮೊಣಕೈಗೆ ಅರ್ಧದವರೆಗೆ ಹಸಿರು ಗಾಜಿನ ಬಳೆ, ಒಂದಕ್ಕೊಂದು ತಾಗಿಕೊಂಡು. ಡಬ್ಬಿ ತೆರೆದಳು. ಕೈಗವಸು ಎತ್ತಿ ಗರಿಗಳ ಮೇಲೆ ಬೆರಳಾಡಿಸಿದಳು.

"ಪಪ್ಪಾ, ಇವನ್ನ ನೀವ ಮಾಡೀರಿ?"

"ಮತ್ತ ಸಾವಕಾರ್ರು ಮಾಡ್ಯಾರೇನು?"

ಅವಳು ನಕ್ಕಳು. ಆಮೇಲೆ ಕೈಗವಸನ್ನು ನೋಡಿದಳು, ತನ್ನ ಕೈ ನೋಡಿಕೊಂಡಳು. ಕೋಣೆಯಲ್ಲಿದ್ದ ಹೆಂಗಸರೆಲ್ಲ ಅದನ್ನೇ ನೋಡಿದರು. ಬಾಯಿ ಬಿಟ್ಟು ಹೇಳಿದವಳು ಅವಳ ತಂಗಿ ಸ್ನೇಹಲ್.

"ಎಲ್ಲೆ ಹಾಕ್ಕೋತಿ ಅಕ್ಕಾ? ಜಾಗಾನ ಇಲ್ಲಲ್ಲ."

ಬಾಳು ಆಗ ಬಳೆಗಳನ್ನು ನೋಡಿದ. ಮೊದಲ ಸಲ ನೋಡಿದ ಎಂದೇ ನನಗೆ ಅನ್ನಿಸಿತು.

ಬಳೆಯ ಮೇಲಿಂದಲೇ ಏರಿಸಿ ನೋಡೋಣ ಎಂದು ಸ್ನೇಹಲ್ ಹಿಡಿದು ಎಳೆದಳು. ಅಂಗೈ ದಾಟಿತು, ಮೊದಲ ಬಳೆಗೆ ಜಾಳಿಗೆ ಸಿಕ್ಕಿಕೊಂಡಿತು, ಇನ್ನೊಂದು ಎಳೆತಕ್ಕೆ ಸಣ್ಣಗೆ ಚಟ್ ಎಂದಿತು. ಎಲ್ಲರ ಕೈಗಳೂ ನಿಂತವು.

"ಬಳಿ ಒಡೀತು," ಎಂದಳು ಸ್ನೇಹಲ್.

"ಒಡೀತು ಅನಬ್ಯಾಡ, ಹೆಚ್ಚಿತು ಅನ್ನು," ಎಂದು ಸಾವಂತ್ರೆವ್ವ ಚೂರನ್ನು ಸೆರಗಿನಲ್ಲಿ ಹಿಡಿದುಕೊಂಡಳು. "ಬಿಡ್ರಿ ಸಾಕು. ಮತ್ತ ಎಳೀಬ್ಯಾಡ್ರಿ."

ಪ್ರಜ್ಞಾ ಅಪ್ಪನ ಮುಖ ನೋಡಿ ಎದ್ದು ನಿಂತಳು. "ಅವ್ವಾ, ಸಬಕಾರದ ನೀರ ತಾ. ಬಳಿ ತಗದ ಬಿಡ್ತೇನಿ. ನಾಡದ ಮತ್ತ ಇಟಗೊಂಡ್ರಾತು."

"ಮದಲಿಂಗಿತ್ತಿ ಕೈಯಾನ ಬಳಿ ಲಗ್ನದ ಹಿಂದಿನ ದಿನಾ ತಗಿಯೋದು ಎಲ್ಲೆರ ಐತೇನು? ಅತ್ತಿ ಮನಿಯವರು ಕಳಿಸಿದ ಬಳಿ ಅವು."

"ನಮ್ಮ ಲಗ್ನ ಬುದ್ಧ ವಂದನಾದ್ದು. ಅದರಾಗ ಬಳೀದ ಏನೂ ಲೆಕ್ಕಿಲ್ಲ ಅವ್ವಾ."

"ಬುದ್ಧ ಶಾಂತ ಇರತಾನ. ನಿಮ್ಮ ಅತ್ತಿ ಶಾಂತ ಇರತಾಳೇನು?"

ಪ್ರಜ್ಞಾ ಕೈಗವಸುಗಳನ್ನು ಡಬ್ಬಿಯಲ್ಲಿ ಮೆಲ್ಲಗೆ ಇಟ್ಟು ಅಪ್ಪನ ತೋಳು ಹಿಡಿದಳು. "ಇರಲಿ ಪಪ್ಪಾ. ಭಾಳ ಚಂದ ಆಗ್ಯಾವು. ಮುಂದ ಯಾವಾಗರ ಹಾಕ್ಕೋತೇನಿ."

ಪ್ರೀತಿಯಿಂದಲೇ ಅಂದಳು. ಬಾಳು ತಲೆ ಆಡಿಸಿದ. ಡಬ್ಬಿ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದು ನನಗೆ ಹೇಳಿದ: "ಸಾವಕಾರ್ರ, ಅಂಗಡಿ ಬಾಗಲಾ ತಗೀರಿ. ಸಣ್ಣ ಕತ್ರಿ ಬೇಕು."

ಸಂಜೆಗೆ ಅಂಗಡಿಯ ದೀಪ ಹಾಕಿ ಕೂತೆವು. ಅವನು ಗಲ್ಲೆಯ ಮೇಲೆ ಕೈಗವಸು ಹಾಸಿ ಮಣಿಕಟ್ಟಿನ ಜಾಗದಲ್ಲಿ ಬೆರಳಿಟ್ಟ.

"ಇಲ್ಲೆ ಕತ್ತರಸ್ತೇನಿ."

"ಗರಿ ಎಲ್ಲಾ ಮ್ಯಾಲಿನ ಭಾಗದಾಗ ಅದಾವಲ್ಲೋ ಮಾರಾಯ."

"ಅಲ್ಲೇ ಬಳಿ ಅದಾವ್ರಿ."

ನಾನು ವ್ಯಾಪಾರದ ಬುದ್ಧಿ ಬಿಡಲಿಲ್ಲ. ಬದಿಯ ಹೊಲಿಗೆ ಬಿಚ್ಚಿ ಮುತ್ತಿನ ಗುಂಡಿ ಹಚ್ಚೋಣ ಎಂದೆ, ಗುಂಡಿಯ ಡಬ್ಬಿ ಕೂಡ ಇಳಿಸಿದೆ. ಬಳೆಯ ಮೇಲೆ ಬಿಗಿದರೆ ಮತ್ತೊಂದು ಹೆಚ್ಚುತ್ತದೆ ಎಂದ. ಹಾಗಾದರೆ ಗಾಜಿನ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕು, ಇಂಥ ಗರಿ ಹೊಂಗಲದಲ್ಲಿ ಯಾರೂ ಹೆಣೆದಿಲ್ಲ ಎಂದೆ.

"ಗ್ವಾಡಿಗಿ ಕೈ ಇರತಾವೇನ್ರಿ?" ಎಂದು ಕತ್ತರಿ ಎತ್ತಿಕೊಂಡ.

ಹೆಣಿಗೆ ಬಿಚ್ಚುವುದು ಮುಗಿಸಿದ ಕಡೆಯಿಂದ ಮಾತ್ರ ಸುಲಭ. ಶುರು ಮಾಡಿದ ಕಡೆಯಿಂದ ಎಳೆದರೆ ಬಿಚ್ಚುವುದಿಲ್ಲ. ಅವನು ಶುರು ಮಾಡಿದ್ದು ಮೊಣಕೈ ಕಡೆಯಿಂದ. ಆದ್ದರಿಂದ ಗರಿಗಳನ್ನು ತೆಗೆಯಬೇಕೆಂದರೆ ನಡುವೆ ಒಂದೆಳೆ ಕತ್ತರಿಸಿ, ಆ ಸಾಲನ್ನು ಒಂದೊಂದೇ ಕುಣಿಕೆಯಾಗಿ ಬಿಡಿಸಬೇಕು. ಬಾಯಿ ಬಿಟ್ಟ ಕುಣಿಕೆಗಳನ್ನು ಆಗಿಂದಾಗ ಕಡ್ಡಿಗೆ ಹಿಡಿಯಬೇಕು. ಒಂದು ತಪ್ಪಿಸಿಕೊಂಡರೆ ಅಂಚಿನ ಹೂವೇ ಕೆಡುತ್ತದೆ. ಇಷ್ಟನ್ನೂ ಅವನು ಕತ್ತರಿ ಹಿಡಿದುಕೊಂಡೇ ಹೇಳಿದ, ಹೇಳಿ ಮುಗಿಯುವ ಮುನ್ನ ಕತ್ತರಿಸಿಬಿಟ್ಟಿದ್ದ.

ಗಿರಾಕಿಯೊಬ್ಬಳು ಬಂದು ಬ್ಲೌಸಿನ ಹುಕ್ಕು ಕೇಳಿದಳು. ನಾಳೆ ಬಾ ಎಂದು ಕಳಿಸಿದೆ. ಬಾಳುವಿನ ದಪ್ಪ ಬೆರಳುಗಳು ಸೂಜಿಯ ಮೊನೆಯಿಂದ ಒಂದೊಂದೇ ಕುಣಿಕೆ ಎತ್ತಿ ಸೈಕಲ್ ಕಡ್ಡಿಗೆ ಏರಿಸುತ್ತಿದ್ದವು. ಉಸಿರು ಬಿಡುವುದನ್ನೂ ನೋಡಿ ಬಿಡುತ್ತಿದ್ದ. ಗರಿಗಳ ತುಂಡು ಬೇರೆಯಾಗಿ ಗಲ್ಲೆಯ ಮೇಲೆ ಬಿತ್ತು. ಈಗ ಅಂಗೈ ಭಾಗದ ಅಂಚು ಮುಚ್ಚಲು ದಾರ ಬೇಕು. ನಾನು ಹೊಸ ಲಡಿ ಇಳಿಸಲು ಎದ್ದೆ. ಅವನು ಬೇಡವೆಂದು ಕೈ ತೋರಿಸಿ, ಆ ಗರಿಗಳ ತುಂಡಿನ ತುದಿ ಹಿಡಿದು ಎಳೆದ. ಅದು ಆ ಕಡೆಯಿಂದ ಸರಾಗವಾಗಿ ಬಿಚ್ಚುತ್ತಿತ್ತು. ಗರಿಗಳು ಒಂದರ ಹಿಂದೆ ಒಂದರಂತೆ ಸುಕ್ಕುಸುಕ್ಕಾದ ದಾರವಾಗಿ ಅವನ ಬೆರಳಿಗೆ ಸುತ್ತಿಕೊಂಡವು. ನಾನು ಆ ಕಡೆ ನೋಡದೆ ಗುಂಡಿಗಳನ್ನು ಬಣ್ಣವಾರು ಆರಿಸುತ್ತ ಕೂತೆ. ಎರಡೂ ಕೈಗವಸು ಮುಗಿದಾಗ ಉಳಿದದ್ದು ಅಂಗೈ ಮುಚ್ಚುವಷ್ಟು, ಮಣಿಕಟ್ಟಿಗೆ ಬಂದು ನಿಲ್ಲುವಷ್ಟು, ಸಾಧಾರಣ ಹೂವುಗಳ ಭಾಗ ಮಾತ್ರ.

ಮರುದಿನ ಲಗ್ನ. ವೇದಿಕೆಯ ಮೇಲೆ ಬುದ್ಧನ ಮೂರ್ತಿ, ಬಾಬಾಸಾಹೇಬರ ಫೋಟೋ, ಮುಂದೆ ಬಿಳಿ ಬಟ್ಟೆಯಲ್ಲಿ ಹುಡುಗ ಹುಡುಗಿ. ಪ್ರಜ್ಞಾಳ ಕೈಯಲ್ಲಿ ಹಸಿರು ಬಳೆ, ಬಳೆ ಮುಗಿಯುವಲ್ಲಿಂದ ಬಿಳಿ ಜಾಳಿಗೆ, ಜಾಳಿಗೆಯ ತೂತುಗಳಲ್ಲಿ ಕೆಂಪು ಮೆಹಂದಿ. ಚಂದವಾಗಿತ್ತು. ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಮುದುಕಿಯೊಬ್ಬಳು ಮಾತ್ರ ಮರುಗಿದಳು.

"ಪಾಪ, ಹುಡುಗಿಗಿ ಎರಡೂ ಕೈಗಿ ಏನಾಗೇತ್ಯೋ, ಪಟ್ಟಿ ಕಟ್ಯಾರ."

ಬಾಳು ಸಾರಿನ ಬಕೀಟು ಹಿಡಿದು ಅಲ್ಲೇ ಇದ್ದ. ಕೇಳಿಸಿಕೊಂಡು, ಅವಳಿಗೆ ಸಾರನ್ನು ಒಂದು ಸೌಟು ಕಡಿಮೆ ಹಾಕಿದ.

ನನ್ನ ಪಾಲಿಗೆ ಕೆಲಸ ಗೆದ್ದಿತ್ತು. ಅವನ ಪಾಲಿಗೆ ಅಲ್ಲ. ಎರಡು ದಿನ ಬಿಟ್ಟು ಕಟ್ಟೆಗೆ ಬಂದವನು ಬರಿಗೈಲಿ ಕೂತ.

"ಹಾಕ್ಕೊಂಡ್ಳಲ್ಲೋ ಬಾಳಣ್ಣ, ಮತ್ತೇನ?"

"ಲಗ್ನದ ದಿನಾ ನಾನೂ ಪಟಗಾ ಸುತ್ತಿದ್ದೆ. ದಿನಾ ಸುತ್ತತೇನೇನ್ರಿ?"

"ಫೋನ್ ಹಚ್ಚಿ ಕೇಳು."

"ಕೇಳಿದ್ರ ಹೂಂ ಅಂತಾಳ. ನನ್ನ ಮನಸ ಇಡಾಕ ಅಂತಾಳ. ಇಂಥಾದ್ದೆಲ್ಲಾ ಕೇಳಿ ತಿಳಕೊಳ್ಳುದಲ್ರಿ."

ಯುಗಾದಿ ಹೋಯಿತು, ಬಿಸಿಲು ಏರಿತು. ಪ್ರಜ್ಞಾ ಈಗ ಸವದತ್ತಿಯಿಂದಲೇ ಕಾಲುವೆಗೆ ಹೋಗಿ ಬರುತ್ತಾಳೆ ಎಂದು ಸಾವಂತ್ರೆವ್ವ ಹೇಳುತ್ತಿದ್ದಳು. ಬಾಳು ಕಟ್ಟೆಗೆ ಬರುತ್ತಿದ್ದ, ಚಹ ಕುಡಿಯುತ್ತಿದ್ದ, ಪೇಪರ್ ಓದುತ್ತಿದ್ದ. ಕಡ್ಡಿ ಮುಟ್ಟುತ್ತಿರಲಿಲ್ಲ. ಹೆಂಗಸರು ನಿಲ್ಲುವುದನ್ನು ಬಿಟ್ಟರು. ಪಿನ್ನಿನ ವ್ಯಾಪಾರ ಕುಸಿಯಿತು. ನನಗೆ ಅದರ ಚಿಂತೆಯೂ ಇತ್ತು, ಅದೊಂದೇ ಅಲ್ಲ.

ಬೇಸಗೆ ನೆತ್ತಿಗೇರಿದ ಒಂದು ಮಧ್ಯಾಹ್ನ ಸ್ಕೂಟಿಯೊಂದು ಅಂಗಡಿಯ ಮುಂದೆ ನಿಂತಿತು. ಪ್ರಜ್ಞಾ. ಕಚೇರಿಯ ಕೆಲಸಕ್ಕೆ ಹೊಂಗಲಕ್ಕೆ ಬಂದಿದ್ದಳು.

"ಕಾಕಾ, ಪಪ್ಪಾನ್ನ ಕರೀರಿ. ಜಗಳ ಮಾಡುದೈತಿ."

ಅವಳ ಕೈ ನೋಡಿದೆ. ಗಲ್ಲೆ ಬಿಟ್ಟು ನಾನೇ ರಸ್ತೆ ದಾಟಿ ಬ್ಯಾಂಕಿನ ಬಾಗಿಲಿಗೆ ಹೋದೆ. ಬಾಳು ಬಂದೂಕಿನ ಸಮೇತ ಬಂದ. ಅವಳು ಎರಡೂ ಕೈ ಅವನ ಮೂಗಿನ ಮುಂದೆ ಹಿಡಿದಳು.

"ಬಿಳೀದ ಯಾಕ ಮಾಡಿದ್ರಿ? ದಿನಾ ತೊಳದ ತೊಳದ ಸಾಕಾಗೇತಿ."

ಅದು ಬಿಳಿಯಾಗಿ ಉಳಿದಿರಲಿಲ್ಲ. ಕಾಲುವೆಯ ನೀರಿನ ಬಣ್ಣಕ್ಕೆ ತಿರುಗಿತ್ತು. ಸ್ಕೂಟಿಯ ಹಿಡಿಕೆ ತಾಗುವಲ್ಲಿ ಕರಿ ಜಿಡ್ಡು. ಹೆಬ್ಬೆರಳಿನ ಅಂಚು ಹರಿದಿತ್ತು, ಅದನ್ನು ಯಾವುದೋ ನೀಲಿ ದಾರದಿಂದ ಗಂಟು ಹಾಕಿ ನಿಲ್ಲಿಸಿದ್ದಳು. ಗಂಟು ಬಲು ಕೆಟ್ಟದಾಗಿತ್ತು. ಬಾಳು ಅದನ್ನು ನೋಡಿದ.

"ಇಷ್ಟ ಆಗಿದ್ರ ಬ್ಯಾರೆ ಮಾತು," ಎನ್ನುತ್ತ ಅವಳು ಬಲಗೈಯ ಕೈಗವಸನ್ನು ಬಿಚ್ಚಿದಳು. "ಇದನ್ನ ನೋಡ್ರಿ ಇಲ್ಲೆ. ಮನ್ಯಾಗ ಎಲ್ಲಾರೂ ನಗತಾರ."

ಕೈಯ ಹಿಂಬದಿಯಲ್ಲಿ ಹೂವುಗಳಿದ್ದವು. ದಾರ ಮುಚ್ಚಿದ್ದ ಕಡೆಯೆಲ್ಲ ಅವಳ ಬಣ್ಣ ಹಾಗೇ ಇತ್ತು. ತೂತು ಇದ್ದಲ್ಲೆಲ್ಲ ಬಿಸಿಲು ಕೂತು ಕಂದಾಗಿತ್ತು. ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಸಾಲುಸಾಲಾಗಿ, ಒಂದೂ ತಪ್ಪದಂತೆ, ಬಾಳು ಹೆಣೆದ ಅದೇ ಸಾಧಾರಣ ಹೂವುಗಳು.

ಬಾಳು ಬಂದೂಕನ್ನು ನನ್ನ ಗಲ್ಲೆಗೆ ಒರಗಿಸಿದ. ಮಗಳ ಕೈಯನ್ನು ತನ್ನ ಅಂಗೈ ಮೇಲೆ ಇಟ್ಟುಕೊಂಡು ಬೆಳಕಿನ ಕಡೆ ತಿರುಗಿಸಿದ. ಒಂದು ಹೂವಿನ ಮೇಲೆ ಹೆಬ್ಬೆರಳಿನಿಂದ ತಿಕ್ಕಿ ನೋಡಿದ. ಹೋಗಲಿಲ್ಲ.

"ತೂತ ಮುಚ್ಚಿ ಹೆಣದ ಕೊಡ್ಲೇನವಾ?" ಎಂದ.

"ಬ್ಯಾಡ ಪಪ್ಪಾ, ಕೈ ಬೇಯತಾವು. ಹಿಂಗ ಇರಲಿ. ಇನ್ನೊಂದ ಜೋಡಿ ಹೊಲಸ ಕಾಣದಂಥಾ ಬಣ್ಣದಾಗ ಮಾಡ್ರಿ, ಅಷ್ಟ."

"ಆತು. ಇವನ್ನ ಇಲ್ಲೆ ಬಿಟ್ಟ ಹೋಗು. ಹೆಬ್ಬಟ್ಟಿಂದ ಸರಿ ಮಾಡ್ತೇನಿ, ಅಳತೀಗೂ ಆಗತೈತಿ."

"ಬಿಟ್ಟ ಹ್ಯಾಂಗ ಹೋಗ್ಲಿ? ನಾಳೆ ಡ್ಯೂಟಿ ಐತಿ."

ಕೈಗವಸನ್ನು ಅವನ ಕೈಯಿಂದ ಕಸಿದುಕೊಂಡು ಎಳೆದು ಹಾಕಿಕೊಂಡಳು. ಸ್ಕೂಟಿ ತಿರುಗಿಸಿ ಸವದತ್ತಿ ರಸ್ತೆ ಹಿಡಿದಳು. ಬಾಳು ಅವಳು ತಿರುವಿನಲ್ಲಿ ಮರೆಯಾಗುವವರೆಗೆ ನಿಂತು, ಒಳಗೆ ಬಂದು ನನ್ನ ಕಪಾಟಿನ ಮುಂದೆ ನಿಂತ.

"ಕಾಫಿ ಬಣ್ಣದ್ದು ಐತೇನ್ರಿ, ಸಾವಕಾರ್ರ? ಬಣ್ಣಾ ಹೋಗಬಾರದು ನೋಡ್ರಿ, ದಿನಾ ತೊಳೀತಾಳ."